ನೀರು ನಿಲ್ಲುವ ತೊಟ್ಟಿಯಲ್ಲಿ ಗಾಳಿ ನಿಲ್ಲುತ್ತದೆಯೇ?

ಎಸ್‌ಟಿಪಿ ತೊಟ್ಟಿ, ಬಯೋಗ್ಯಾಸ್ ಗುಮ್ಮಟ, ಸರ್ವರ್ ರೂಮು: ಕಾಂಕ್ರೀಟಿನ ಅನಿಲ ಬಿಗಿತವನ್ನು ಪರೀಕ್ಷಿಸಿಕೊಳ್ಳುವ ಬಗೆ

ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿವರೆಗೆ ಯಾವ ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸಭೆಗೆ ಹೋದರೂ ಎಸ್‌ಟಿಪಿಯ, ಅಂದರೆ ಕೊಳಚೆ ನೀರು ಸಂಸ್ಕರಣಾ ಘಟಕದ, ಮಾತು ಬಂದೇ ಬರುತ್ತದೆ. ಬೇಸ್‌ಮೆಂಟಿನಲ್ಲಿ ಕೊಳೆತ ಮೊಟ್ಟೆಯ ವಾಸನೆ, ಅದು ಲಿಫ್ಟಿನ ಬಾವಿಯ ಮೂಲಕ ಮೇಲಿನ ಮಹಡಿಗಳಿಗೂ ಏರುತ್ತದೆ. ಕಂಟ್ರಾಕ್ಟರನ್ನು ಕರೆಸಿದರೆ ಸಿಗುವ ಉತ್ತರ: "ತೊಟ್ಟಿ ಎಲ್ಲೂ ಲೀಕ್ ಇಲ್ಲ ಸಾರ್, ನೀರು ತುಂಬಿಸಿ ಟೆಸ್ಟ್ ಮಾಡೇ ಕೊಟ್ಟಿದ್ದೀವಿ." ಅವರು ಸುಳ್ಳು ಹೇಳುತ್ತಿರುವುದಿಲ್ಲ. ನೀರಿನ ಪರೀಕ್ಷೆ ನಿಜಕ್ಕೂ ಆಗಿರುತ್ತದೆ, ತೊಟ್ಟಿ ಪಾಸೂ ಆಗಿರುತ್ತದೆ. ಆದರೆ ನೀರನ್ನು ಹಿಡಿದಿಟ್ಟ ಕಾಂಕ್ರೀಟು ಅನಿಲವನ್ನೂ ಹಿಡಿದಿಡುತ್ತದೆ ಎನ್ನಲು ಆ ಪರೀಕ್ಷೆ ಸಾಕಾಗುವುದಿಲ್ಲ.

ಕಾರಣ ಸರಳ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸ್ನಿಗ್ಧತೆ ಗಾಳಿಗಿಂತ ಸುಮಾರು 50 ಪಟ್ಟು ಹೆಚ್ಚು. ಒಂದೇ ಬಿರುಕಿನಲ್ಲಿ, ಒಂದೇ ಒತ್ತಡದಲ್ಲಿ, ನೀರು ಒಂದು ಲೀಟರ್ ಹೊರಬರುವ ಹೊತ್ತಿಗೆ ಗಾಳಿ ಹತ್ತಿರಹತ್ತಿರ 50 ಲೀಟರ್ ಹೊರಬಿದ್ದಿರುತ್ತದೆ. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ನೀರು ತಾನು ಸೋರುವ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತದೆ. ಕೂದಲೆಳೆಯಂಥ ಬಿರುಕಿನಲ್ಲಿ ನೀರು ನಿಂತರೆ, ಅರಗದೆ ಉಳಿದ ಸಿಮೆಂಟ್ ಕಣಗಳು ಮತ್ತೆ ಗಟ್ಟಿಯಾಗುತ್ತವೆ, ಸುಣ್ಣದಂಶ ಬಿಳಿಯಾಗಿ ಕಟ್ಟಿಕೊಳ್ಳುತ್ತದೆ, ಒಂದೆರಡು ವಾರದಲ್ಲಿ ಒಸರುವುದು ನಿಲ್ಲುತ್ತದೆ. ನೀರು ಹಿಡಿದಿಡುವ ಕಾಂಕ್ರೀಟ್ ಕಟ್ಟಡಗಳಿಗೆ ನಮ್ಮಲ್ಲಿರುವ ಐಎಸ್ 3370 ಮಾನಕ, ತೊಟ್ಟಿ ತುಂಬಿಸಿ ಮೊದಲ ಏಳು ದಿನ ಕಾಂಕ್ರೀಟಿಗೆ ನೀರು ಹೀರಲು ಬಿಟ್ಟು, ಆಮೇಲಿನ ಏಳು ದಿನ ಗಮನಿಸುವಂತೆ ಹೇಳುತ್ತದೆ. ನೀರಿನ ಮಟ್ಟಿಗೆ ಇದು ನ್ಯಾಯವಾದ ಕ್ರಮ. ಅನಿಲದ ಮಟ್ಟಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಒದ್ದೆ ಕಾಂಕ್ರೀಟಿನ ರಂಧ್ರಗಳಲ್ಲಿ ನೀರು ತುಂಬಿಕೊಂಡಿರುವಾಗ ಅನಿಲಕ್ಕೆ ದಾರಿ ಇರುವುದಿಲ್ಲ. ಮಾರ್ಚ್ ಏಪ್ರಿಲ್ ಬಿಸಿಲಿಗೆ ಅದೇ ಕಾಂಕ್ರೀಟು ಒಣಗಿದಾಗ ದಾರಿ ತೆರೆದುಕೊಳ್ಳುತ್ತದೆ. ಇದರ ಜೊತೆಗೆ, ನೀರಿನ ಪರೀಕ್ಷೆ ನೀರು ಮುಟ್ಟಿದಷ್ಟು ಗೋಡೆಯನ್ನು ಮಾತ್ರ ಪರೀಕ್ಷಿಸುತ್ತದೆ. ಅನಿಲ ಸೇರಿಕೊಳ್ಳುವುದು ನೀರಿನ ಮಟ್ಟಕ್ಕಿಂತ ಮೇಲೆ, ಸ್ಲ್ಯಾಬಿನ ಕೆಳಮೈಯಲ್ಲಿ, ಮ್ಯಾನ್‌ಹೋಲ್ ಕತ್ತಿನಲ್ಲಿ, ಪೈಪುಗಳು ಗೋಡೆ ದಾಟುವ ಜಾಗದಲ್ಲಿ. ಅಲ್ಲಿಗೆ ಪರೀಕ್ಷೆಯ ನೀರು ಮುಟ್ಟಿಯೇ ಇರುವುದಿಲ್ಲ.

ಯಾವ ಅನಿಲ, ಎಷ್ಟು ಅಪಾಯ

ಎಸ್‌ಟಿಪಿಯಲ್ಲಿ ಗಾಳಿ ಊದುವ ತೊಟ್ಟಿಗಿಂತ ಹೆಚ್ಚು ಕಾಟ ಕೊಡುವುದು ಕೊಳಚೆ ಬಂದು ನಿಲ್ಲುವ ಮೊದಲ ತೊಟ್ಟಿ ಮತ್ತು ಕೆಸರು ತೊಟ್ಟಿ. ಆಮ್ಲಜನಕ ಸಿಗದ ಕೊಳಚೆಯಲ್ಲಿ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಹುಟ್ಟುತ್ತವೆ. ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಬೇಸ್‌ಮೆಂಟಿನ ತಗ್ಗಿನಲ್ಲಿ ಕೂರುತ್ತದೆ. ಒಂದು ಪಿಪಿಎಂಗಿಂತ ಕಡಿಮೆ ಇದ್ದಾಗಲೇ ಮೂಗಿಗೆ ಬಡಿಯುವ ಈ ಅನಿಲ, 100 ಪಿಪಿಎಂ ಸುಮಾರಿಗೆ ಮೂಗನ್ನೇ ಮರಗಟ್ಟಿಸುತ್ತದೆ. ಆ ಮಟ್ಟವೇ ಜೀವಕ್ಕೆ ತಕ್ಷಣದ ಅಪಾಯದ ಮಟ್ಟವೂ ಹೌದು. "ಈಗ ವಾಸನೆ ಇಲ್ಲ, ಇಳಿಯಬಹುದು" ಎನ್ನುವ ಮಾತು ಸಾವಿಗೆ ಕಾರಣವಾಗುವುದು ಹೀಗೆ. ಮೀಥೇನ್‌ಗೆ ವಾಸನೆಯೇ ಇಲ್ಲ. ಗಾಳಿಯಲ್ಲಿ ಅದು ಶೇ. 5ರಿಂದ 15ರಷ್ಟು ಸೇರಿದರೆ ಒಂದು ಕಿಡಿ ಸಾಕು.

2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಲೇಔಟ್ ಬಳಿಯ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟ್ ಒಂದರಲ್ಲಿ ಎಸ್‌ಟಿಪಿ ಕೆಲಸಕ್ಕೆ ಇಳಿದ ಮೂವರು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅಷ್ಟು ಹೊತ್ತಿಗೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಬಂದು ವರ್ಷಗಳಾಗಿದ್ದವು. ರಕ್ಷಣಾ ಸಾಧನವಿಲ್ಲದೆ ಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಯಾರನ್ನಾದರೂ ಇಳಿಸುವುದು ಅಪರಾಧವಾಗಿತ್ತು. ಈ ಲೇಖನದಲ್ಲಿ ಬರುವ ಪರೀಕ್ಷೆಗಳಲ್ಲಿ ಕೆಲವನ್ನು ತೊಟ್ಟಿಯೊಳಗೆ ಇಳಿದೇ ಮಾಡಬೇಕು. ಅವನ್ನು ತೊಟ್ಟಿ ಹೊಸದಾಗಿದ್ದಾಗ, ಕೊಳಚೆ ಬಿಡುವ ಮೊದಲೇ ಮುಗಿಸಿಕೊಳ್ಳಿ ಎಂದು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಹೊಸ ತೊಟ್ಟಿಯಲ್ಲೂ ಒಳಮೈಗೆ ಬಳಿದ ಎಪಾಕ್ಸಿ ಲೇಪದ ಆವಿ ಇರುತ್ತದೆ. ಬ್ಲೋವರ್ ಹಾಕಿ ಗಾಳಿ ಆಡಿಸಬೇಕು, ನಾಲ್ಕು ಅನಿಲ ಅಳೆಯುವ ಮೀಟರ್ ಬೇಕು, ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇದ್ದರೆ ಯಾರೂ ಇಳಿಯಬಾರದು, ಮೇಲೆ ಹಗ್ಗ ಹಿಡಿದ ಇನ್ನೊಬ್ಬರು ಕೆಲಸ ಮುಗಿಯುವವರೆಗೆ ಅಲ್ಲೇ ಇರಬೇಕು.

ತೊಟ್ಟಿಯ ಮೇಲ್ಭಾಗಕ್ಕೆ ಲೇಪ ಬೇಕಾಗಿರುವುದು ವಾಸನೆ ತಡೆಯಲು ಮಾತ್ರವಲ್ಲ. ಸ್ಲ್ಯಾಬಿನ ತೇವದ ಕೆಳಮೈಯಲ್ಲಿ ಬದುಕುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡನ್ನು ಗಂಧಕಾಮ್ಲವಾಗಿ ಬದಲಾಯಿಸುತ್ತವೆ. ಆ ಆಮ್ಲ ಸಿಮೆಂಟನ್ನು ಬಿಳಿ ಹಿಟ್ಟಿನಂತೆ ಮೆತ್ತಗೆ ಮಾಡಿ, ಕಂಬಿಯವರೆಗೂ ತಿನ್ನುತ್ತದೆ. ಮೇಲೆ ಕಾರು ನಿಲ್ಲಿಸುವ ಸ್ಲ್ಯಾಬ್ ಅದೇ ಆಗಿದ್ದರೆ ವಿಷಯ ವಾಸನೆಯನ್ನು ಮೀರಿ ಹೋಗುತ್ತದೆ.

ಇಲ್ಲೊಂದು ಎಚ್ಚರಿಕೆ. ಅನಿಲ ಬಿಗಿ ಎಂದರೆ ತೊಟ್ಟಿಯ ಉಸಿರು ಕಟ್ಟುವುದು ಎಂದಲ್ಲ. ಎಸ್‌ಟಿಪಿ ತೊಟ್ಟಿಗೆ ಟೆರೇಸಿನ ಮೇಲಿನವರೆಗೆ ಹೋಗುವ ವೆಂಟ್ ಪೈಪು ಇರಲೇಬೇಕು. ಅನಿಲ ಆ ಪೈಪಿನಿಂದ ಮಾತ್ರ ಹೋಗಬೇಕು, ಬಿರುಕಿನಿಂದ ಹೋಗಬಾರದು. ವೆಂಟ್ ಇಲ್ಲದ ತೊಟ್ಟಿಗೆ ಸೀಲೆಂಟ್ ಬಳಿದು ಮುಚ್ಚುವವರು ಅಪಾಯವನ್ನು ಒಳಗೇ ಕೂಡಿಹಾಕುತ್ತಾರೆ.

ಹಳ್ಳಿಯ ಗುಮ್ಮಟ ಕಲಿಸಿದ್ದು

ಕಾಂಕ್ರೀಟಿನಲ್ಲಿ ಅನಿಲ ಹಿಡಿದಿಡುವ ವಿದ್ಯೆ ಐಟಿ ಕ್ಯಾಂಪಸ್ಸುಗಳೊಂದಿಗೆ ಬಂದದ್ದಲ್ಲ. ಖಾದಿ ಆಯೋಗದ ಮಾದರಿಯ ಗೋಬರ್ ಗ್ಯಾಸ್ ಘಟಕದಲ್ಲಿ ಅನಿಲ ಹಿಡಿಯಲು ತೇಲುವ ಕಬ್ಬಿಣದ ಡ್ರಮ್ ಇತ್ತು. ಐಐಎಸ್‌ಸಿಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಶುರುವಾದ, ಹಳ್ಳಿಗೆ ಹೊಂದುವ ತಂತ್ರಜ್ಞಾನ ರೂಪಿಸುವ ಅಸ್ತ್ರ ತಂಡ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಸಮುದಾಯ ಬಯೋಗ್ಯಾಸ್ ಘಟಕ ನಡೆಸಿ ತೋರಿಸಿತು. ಆದರೆ ಕಬ್ಬಿಣದ ಡ್ರಮ್ ತುಕ್ಕು ಹಿಡಿಯುತ್ತದೆ, ದುಬಾರಿ. ಹಾಗಾಗಿ 1984ರಲ್ಲಿ ಬಂದ ದೀನಬಂಧು ಮಾದರಿ ಇಡೀ ಗುಮ್ಮಟವನ್ನು ಇಟ್ಟಿಗೆ-ಗಾರೆಯಲ್ಲೇ ಕಟ್ಟಿತು. ಡ್ರಮ್ ಹೋದ ದಿನವೇ ಅನಿಲ ಹಿಡಿದಿಡುವ ಹೊಣೆ ಮೇಸ್ತ್ರಿಯ ಕರಣೆಗೆ ಬಂತು. ಒಳಮೈಗೆ ತೆಳುವಾಗಿ ಪದರದ ಮೇಲೆ ಪದರ ಗಾರೆ, ಒಂದೊಂದನ್ನೂ ಉಜ್ಜಿ ಹೊಳಪು ಬರಿಸುವುದು, ಸಿಮೆಂಟ್ ಹಾಲು, ಕೊನೆಗೆ ಬಣ್ಣ. ಕೋಲಾರದ ಎಸ್‌ಕೆಜಿ ಸಂಘದಂಥ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಘಟಕಗಳನ್ನು ದೊಡ್ಡ ಸಂಖ್ಯೆಯಲ್ಲಿ ಕಟ್ಟಿಸಿದ್ದು ತರಬೇತಾದ ಮೇಸ್ತ್ರಿಗಳ ಬಲದಿಂದಲೇ. ಇಂದು ಕ್ಯಾಂಟೀನ್ ಕಸದಿಂದ ಗ್ಯಾಸ್ ಮಾಡುವ ಕ್ಯಾಂಪಸ್ಸು ಕಾರ್ಖಾನೆಗಳು ಆ ಕಸುಬಿನ ಕಡೆ ಒಮ್ಮೆ ತಿರುಗಿ ನೋಡಬೇಕು. ದುಬಾರಿ ಎಪಾಕ್ಸಿ ಡಬ್ಬ ತಂದ ಮಾತ್ರಕ್ಕೆ ಒಳಮೈಯ ಗಾರೆ ಕೆಲಸ ತಪ್ಪುವುದಿಲ್ಲ.

ರಾಜ್ಯದಲ್ಲಿ ಇದೇ ಪ್ರಶ್ನೆಯ ಅತ್ಯಂತ ದೊಡ್ಡ ರೂಪ ಇರುವುದು ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ. 1994ರ ಮೇ 13ರಂದು ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಪದರವಾಗಿ ಕಳಚಿ ಬಿತ್ತು. ವಿನ್ಯಾಸವನ್ನೂ ಕಾಂಕ್ರೀಟನ್ನೂ ಬದಲಿಸಿ ಗುಮ್ಮಟವನ್ನು ಮತ್ತೆ ಕಟ್ಟಲಾಯಿತು. 2000ದಲ್ಲಿ ಘಟಕ ವಿದ್ಯುತ್ ಉತ್ಪಾದನೆಗೆ ಬಂತು. ಅಣು ಸ್ಥಾವರದ ಇಂಥ ಗುಮ್ಮಟಗಳನ್ನು ಚಾಲನೆಗೆ ಮೊದಲು ಗಾಳಿ ತುಂಬಿ ಪರೀಕ್ಷಿಸುತ್ತಾರೆ. ಒಳಗಿನ ಉಷ್ಣಾಂಶ, ತೇವಾಂಶಗಳನ್ನು ಹಲವು ಕಡೆ ಅಳೆದು, ಲೆಕ್ಕ ಹಾಕಿದ ಮೇಲೆಯೇ ಸೋರಿಕೆ ಇಷ್ಟು ಎಂದು ಬರೆಯುತ್ತಾರೆ. ಆ ಲೆಕ್ಕ ನಮ್ಮ ಬೇಸ್‌ಮೆಂಟ್ ತೊಟ್ಟಿಗೂ ಬೇಕಾಗುತ್ತದೆ. ಮುಂದೆ ಅದಕ್ಕೆ ಬರುತ್ತೇನೆ.

ಲೇಪಕ್ಕೆ ಮೊದಲು

ಅಂಗಡಿಯಲ್ಲಿ "ವಾಟರ್‌ಪ್ರೂಫ್ ಕೋಟಿಂಗ್" ಎಂದು ಸಿಗುವ ಬಹುಪಾಲು ಅಕ್ರಿಲಿಕ್-ಸಿಮೆಂಟ್ ಲೇಪಗಳು ನೀರನ್ನು ತಡೆದು ಆವಿಯನ್ನು ಬಿಡುವಂತೆಯೇ ತಯಾರಾದವು. ನೀರಿನ ಸಂಪ್‌ಗೆ, ಟೆರೇಸಿಗೆ ಅದು ಒಳ್ಳೆಯ ಗುಣ. ಅನಿಲ ತಡೆಯಬೇಕಾದ ಕಡೆ ಅದೇ ದೋಷ. ಹಾಗಾಗಿ ಡೇಟಾಶೀಟ್ ಕೇಳಿ. ಕೆಲವು ಡೇಟಾಶೀಟುಗಳಲ್ಲಿ ಇಂಗಾಲದ ಡೈಆಕ್ಸೈಡ್ ತಡೆ 50 ಮೀಟರಿಗಿಂತ ಹೆಚ್ಚು ಎಂದು ಬರೆದಿರುತ್ತದೆ. 50 ಮೀಟರ್ ದಪ್ಪದ ನಿಶ್ಚಲ ಗಾಳಿಯಷ್ಟು ತಡೆ ಎಂದು ಅದರ ಅರ್ಥ. ಹೊರಗೋಡೆಯ ಕಂಬಿ ತುಕ್ಕು ಹಿಡಿಯದಂತೆ ನೋಡಿಕೊಳ್ಳಲು ಇಟ್ಟ ಯುರೋಪಿನ ಅಳತೆ ಅದು. ಮೀಥೇನ್, ಹೈಡ್ರೋಜನ್ ಸಲ್ಫೈಡ್‌ಗೆ ಅದನ್ನೇ ಒಪ್ಪಿಕೊಳ್ಳಬೇಡಿ, ಆಯಾ ಅನಿಲಕ್ಕೆ ಪರೀಕ್ಷಿಸಿದ ವರದಿ ಕೇಳಿ.

ಕಾಂಕ್ರೀಟು ತಾನೇ ಎಷ್ಟು ಬಿಗಿಯಾಗಿದೆ ಎಂದು ತಿಳಿಯಲು ಟೊರೆಂಟ್ ವಿಧಾನವಿದೆ. ರೊಬೆರ್ಟೊ ಟೊರೆಂಟ್ ರೂಪಿಸಿದ, ಸ್ವಿಟ್ಜರ್ಲೆಂಡಿನ ಮಾನಕದಲ್ಲಿ ಸೇರಿರುವ ಈ ಉಪಕರಣ ಗೋಡೆಗೆ ಅಂಟಿಕೊಂಡು ನಿರ್ವಾತ ಮಾಡುತ್ತದೆ, ಒಳಗಿನಿಂದ ಗಾಳಿ ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂದು ಅಳೆಯುತ್ತದೆ. ಅದರ ಅಂಕಿ 0.1ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯ ಕಾಂಕ್ರೀಟು, 1ರಿಂದ 10ರ ನಡುವೆ ಇದ್ದರೆ ಗಾಳಿ ಸಲೀಸಾಗಿ ಓಡಾಡುತ್ತದೆ. ಗೋಡೆಯ ತೇವಾಂಶ ಶೇ. 5.5ಕ್ಕಿಂತ ಹೆಚ್ಚಿದ್ದರೆ ಅಂಕಿಯನ್ನು ನಂಬುವಂತಿಲ್ಲ. ಒದ್ದೆ ಗೋಡೆ ಯಾವಾಗಲೂ ಒಳ್ಳೆಯ ಗೋಡೆಯಂತೆ ಕಾಣುತ್ತದೆ. ಈ ಉಪಕರಣ ಎಲ್ಲ ಲ್ಯಾಬಿನಲ್ಲಿ ಸಿಗುವುದಿಲ್ಲ. ಸಿಕ್ಕರೆ ಒಂದೇ ಜಾಗದಲ್ಲಿ ಲೇಪಕ್ಕೆ ಮೊದಲು ಮತ್ತು ಆಮೇಲೆ ಅಳೆಸಿ. ಲೇಪದಿಂದ ಆದ ಲಾಭ ಎಷ್ಟೆಂದು ಅಂಕಿಯಲ್ಲೇ ಗೊತ್ತಾಗುತ್ತದೆ.

ಇದಕ್ಕಿಂತ ಅಗ್ಗದ, ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಪ್ಲಾಸ್ಟಿಕ್ ಹಾಳೆಯದು. 45 ಸೆಂ.ಮೀ. ಚದರದ ಪಾರದರ್ಶಕ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಒಳಗೆ ಹನಿ ಕಂಡರೆ ಅಥವಾ ಕಾಂಕ್ರೀಟಿನ ಬಣ್ಣ ಕಪ್ಪಾಗಿದ್ದರೆ ಅಂದು ಎಪಾಕ್ಸಿ ಬಳಿಯಬೇಡಿ. ಮಳೆಗಾಲದ ಬೇಸ್‌ಮೆಂಟಿನಲ್ಲಿ ಈ ಪರೀಕ್ಷೆ ಬಹಳ ಸಲ ಫೇಲ್ ಆಗುತ್ತದೆ. ಅವಸರದವರು ಅದನ್ನು ಮಾಡುವುದೇ ಇಲ್ಲ.

ಸೆಂಟ್ರಿಂಗ್ ತೆಗೆದ ಮೇಲೆ ಕಾಣುವ ಸಣ್ಣ ಗುಳಿಗಳು, ಜಲ್ಲಿ ಕಾಣುವ ಜೇನುಗೂಡು ಜಾಗಗಳು, ಟೈ ರಾಡಿನ ತೂತುಗಳು, ನಿನ್ನೆಯ ಕಾಂಕ್ರೀಟಿಗೆ ಇವತ್ತಿನದು ಸೇರಿದ ಜಾಯಿಂಟು, ಇವನ್ನೆಲ್ಲ ಪುಟ್ಟಿಯಲ್ಲೋ ಗ್ರೌಟಿನಲ್ಲೋ ತುಂಬಿದ ಮೇಲೆಯೇ ಲೇಪ. ಬರಿಯ ಬ್ರಷ್ ಆಡಿಸಿದರೆ ಗುಳಿಯ ಬಾಯಿ ಮುಚ್ಚುವುದಿಲ್ಲ, ಸುತ್ತ ಉಂಗುರದಂತೆ ನಿಂತು ನಡುವೆ ಸೂಜಿತೂತು ಉಳಿಯುತ್ತದೆ. ಬಳಿಯುವ ಹೊತ್ತೂ ಮುಖ್ಯ. ಬೆಳಗ್ಗೆ ಬಿಸಿಲೇರುವಾಗ ಕಾಂಕ್ರೀಟಿನೊಳಗಿನ ಗಾಳಿ ಹಿಗ್ಗಿ ಹಸಿ ಎಪಾಕ್ಸಿಯನ್ನು ತೂರಿಕೊಂಡು ಗುಳ್ಳೆಯಾಗಿ ಹೊರಬರುತ್ತದೆ, ಗುಳ್ಳೆ ಒಡೆದಲ್ಲಿ ತೂತು ಉಳಿಯುತ್ತದೆ. ಸೂರ್ಯ ಇಳಿಯುವಾಗ, ಕಾಂಕ್ರೀಟು ತಣ್ಣಗಾಗುತ್ತ ಬಂದಂತೆ ಬಳಿದರೆ ಅದೇ ಎಪಾಕ್ಸಿಯನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ.

ಲೇಪ ಒಣಗಿದ ಮೇಲೆ

ಮೊದಲು ಹಿಡಿತ. 50 ಮಿ.ಮೀ. ಅಗಲದ ಲೋಹದ ಬಿಲ್ಲೆಯನ್ನು ಲೇಪಕ್ಕೆ ಅಂಟಿಸಿ, ಸುತ್ತ ಕಾಂಕ್ರೀಟಿನವರೆಗೆ ಕೊಯ್ದು, ಯಂತ್ರದಿಂದ ಎಳೆಯುತ್ತಾರೆ. ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕೇಳುವ 1.5 ಮೆಗಾಪಾಸ್ಕಲ್ ಎಂದರೆ ಆ ಬಿಲ್ಲೆಯ ಮೇಲೆ ಸುಮಾರು 300 ಕೆ.ಜಿ. ಎಳೆತ. ಅಂಕಿಯ ಜೊತೆಗೆ ಬಿಲ್ಲೆಯ ಹಿಂಬದಿಯನ್ನೂ ನೋಡಿ. ಕಾಂಕ್ರೀಟಿನ ತುಂಡು ಕಿತ್ತು ಬಂದಿದ್ದರೆ ಲೇಪ ಗೆದ್ದಿದೆ. ಲೇಪ ಹಪ್ಪಳದಂತೆ ನುಣ್ಣಗೆ ಎದ್ದು ಬಂದಿದ್ದರೆ ಅಡಿಯಲ್ಲಿ ಧೂಳು, ತೇವ, ಇಲ್ಲವೆ ಸೆಂಟ್ರಿಂಗ್ ಎಣ್ಣೆ ಇತ್ತು ಎಂದರ್ಥ.

ಆಮೇಲೆ ಸೂಜಿತೂತು. ತೆಳು ಲೇಪಕ್ಕೆ ಒದ್ದೆ ಸ್ಪಂಜಿನ ಮೀಟರು, ದಪ್ಪ ಲೇಪಕ್ಕೆ ಹೆಚ್ಚು ವೋಲ್ಟಿನ ಕಿಡಿ ಪರೀಕ್ಷೆ. ತಂತಿಯ ಬ್ರಷ್ ಲೇಪದ ಮೇಲೆ ಹಾಯುವಾಗ ತೂತು ಸಿಕ್ಕಲ್ಲಿ ಕಿಡಿ ಹಾರುತ್ತದೆ, ಯಂತ್ರ ಕೂಗುತ್ತದೆ. ಥಿನ್ನರಿನ ಆವಿ ಒಂದಿಷ್ಟಾದರೂ ಉಳಿದಿದ್ದರೆ, ಕೊಳಚೆ ಕಂಡ ತೊಟ್ಟಿಯಾಗಿದ್ದರೆ, ಕಿಡಿ ಪರೀಕ್ಷೆಯ ಹೆಸರೂ ಎತ್ತಬೇಡಿ. ಅಂಥ ಕಡೆ ನಿರ್ವಾತ ಪೆಟ್ಟಿಗೆ ಒಳ್ಳೆಯದು. ಅಂಚಿಗೆ ಸ್ಪಂಜಿನ ಗ್ಯಾಸ್ಕೆಟ್ ಇರುವ ಗಾಜಿನಂಥ ಅಕ್ರಿಲಿಕ್ ಪೆಟ್ಟಿಗೆಯನ್ನು ಸೋಪಿನ ನೀರು ಬಳಿದ ಜಾಗದ ಮೇಲಿಟ್ಟು ಗಾಳಿ ಎಳೆದರೆ, ಲೇಪದಲ್ಲಿ ತೂತಿದ್ದಲ್ಲಿ ಕಾಂಕ್ರೀಟಿನ ರಂಧ್ರದಿಂದ ಗಾಳಿ ಎದ್ದು ನೊರೆ ಕಟ್ಟುತ್ತದೆ. ನೆಲದಡಿಯ ತೊಟ್ಟಿಯ ಹೊರಮೈ ನಮಗೆ ಎಟುಕದು. ಒಳಗಿನಿಂದಲೇ ಮಾಡಬಹುದಾದ್ದರಿಂದ ಈ ಪೆಟ್ಟಿಗೆ ಹೆಚ್ಚು ಉಪಯುಕ್ತ.

ಗಾಳಿ ತುಂಬಿ ನೋಡುವುದು

ಇಡೀ ತೊಟ್ಟಿಯ ಪರೀಕ್ಷೆ ಇದೇ. ಎಲ್ಲ ಬಾಯಿಗಳನ್ನೂ ಮುಚ್ಚಿ, ಸಣ್ಣ ಬ್ಲೋವರಿನಿಂದ ಗಾಳಿ ತುಂಬಿ, ಒತ್ತಡ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡುವುದು. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪನ್ನೇ ಯು ಆಕಾರದಲ್ಲಿ ಹಲಗೆಗೆ ಕಟ್ಟಿ, ಬಣ್ಣದ ನೀರು ತುಂಬಿ, ಒಂದು ತುದಿಯನ್ನು ತೊಟ್ಟಿಗೆ ಸೇರಿಸಿ ಇನ್ನೊಂದನ್ನು ತೆರೆದಿಟ್ಟರೆ ಒತ್ತಡಮಾಪಕ ಸಿದ್ಧ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ.

ಎಷ್ಟು ಒತ್ತಡ ಎನ್ನುವಲ್ಲಿ ಬಹಳ ಹುಷಾರು ಬೇಕು. 500 ಮಿ.ಮೀ. ನೀರಿನ ಒತ್ತಡ ಕೇಳಲು ಸಣ್ಣದು. ಆದರೆ ಅದು ಪ್ರತಿ ಚದರ ಮೀಟರಿಗೆ 500 ಕೆ.ಜಿ. ಮೇಲ್ಮುಖ ತಳ್ಳು. 4 ಮೀಟರ್‌ಗೆ 5 ಮೀಟರ್ ಸ್ಲ್ಯಾಬಿಗೆ ಅದು 10 ಟನ್. 200 ಮಿ.ಮೀ. ದಪ್ಪದ ಸ್ಲ್ಯಾಬಿನ ಸ್ವಂತ ತೂಕವೂ ಚದರ ಮೀಟರಿಗೆ ಅಷ್ಟೇ. ಕೆಳಕ್ಕೆ ಬಾಗುವುದನ್ನು ತಡೆಯಲು ಕಂಬಿ ಹಾಕಿದ ಸ್ಲ್ಯಾಬನ್ನು ಹೀಗೆ ಮೇಲಕ್ಕೆ ಒತ್ತಿದರೆ ಹೊಸ ಬಿರುಕುಗಳನ್ನು ನಾವೇ ಹುಟ್ಟಿಸಿದಂತೆ. ಬಯೋಗ್ಯಾಸ್ ಗುಮ್ಮಟ ಒಳಗಿನ ಒತ್ತಡಕ್ಕೆಂದೇ ಕಟ್ಟಿದ್ದು, ಅದನ್ನು ಅದರ ವಿನ್ಯಾಸದ ಒತ್ತಡದವರೆಗೆ ಪರೀಕ್ಷಿಸಬಹುದು. ಚಪ್ಪಟೆ ಸ್ಲ್ಯಾಬಿನ ಎಸ್‌ಟಿಪಿ ತೊಟ್ಟಿಗೆ 50 ಮಿ.ಮೀ. ಸಾಕು, ಅದೂ ಸ್ಟ್ರಕ್ಚರಲ್ ಎಂಜಿನಿಯರರ ಲಿಖಿತ ಒಪ್ಪಿಗೆ ಪಡೆದು. ಒತ್ತಡ ಮೀರಿದರೆ ತಾನಾಗಿ ಹೊರಹೋಗಲು ದಪ್ಪ ಪೈಪಿನ ನೀರಿನ ಸೀಲ್ ಒಂದಿರಲಿ. ಪರೀಕ್ಷೆ ನಡೆಯುವಾಗ ಒಳಗೆ ಯಾರೂ ಇರಬಾರದು, ಮ್ಯಾನ್‌ಹೋಲ್ ಮುಚ್ಚಳದ ಮೇಲೂ ಯಾರೂ ನಿಲ್ಲಬಾರದು. ಗಾಳಿಯನ್ನು ಬಿಟ್ಟು ಬೇರಾವ ಅನಿಲವನ್ನೂ ತುಂಬಬಾರದು.

ಇನ್ನು ಕೈಗಾ ಬಗ್ಗೆ ಹೇಳುವಾಗ ಮುಂದೂಡಿದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ವಾಯುಭಾರ ಸುಮಾರು 910 ಹೆಕ್ಟೋಪಾಸ್ಕಲ್. ಮುಚ್ಚಿದ ತೊಟ್ಟಿಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು 300 ಪಾಸ್ಕಲ್, ಅಂದರೆ 30 ಮಿ.ಮೀ. ನೀರಿನಷ್ಟು ಏರುತ್ತದೆ. ಹೊರಗಿನ ವಾಯುಭಾರವೂ ಸುಮ್ಮನಿರುವುದಿಲ್ಲ. ನಮ್ಮ ಅಕ್ಷಾಂಶದಲ್ಲಿ ಅದು ದಿನವೂ ಬೆಳಗ್ಗೆ 10ರ ಸುಮಾರಿಗೆ ಏರಿ, ಸಂಜೆ 4ರ ಸುಮಾರಿಗೆ 3-4 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಹೊರಗಿನದು ಇಳಿದರೆ ನಮ್ಮ ಯು ಪೈಪಿನಲ್ಲಿ ಒಳಗಿನದು ಏರಿದಂತೆ ಕಾಣುತ್ತದೆ, ಇನ್ನೊಂದು 30-40 ಮಿ.ಮೀ.

ಈಗ ಸೈಟಿನ ದಿನಚರಿಯನ್ನು ಇದರ ಪಕ್ಕ ಇಟ್ಟು ನೋಡಿ. ಕೆಲಸದವರು ಬಂದು, ಬಾಯಿಗಳನ್ನು ಮುಚ್ಚಿ, ಗಾಳಿ ತುಂಬುವ ಹೊತ್ತಿಗೆ 10 ಗಂಟೆ. ಸಂಜೆ 4ಕ್ಕೆ ಎಂಜಿನಿಯರ್ ಬಂದು ಮಟ್ಟ ನೋಡಿ ಸಹಿ ಹಾಕುತ್ತಾರೆ. ಅಷ್ಟರಲ್ಲಿ ಸ್ಲ್ಯಾಬ್ ಬಿಸಿಲಿಗೆ ಕಾದು ಒಳಗಿನ ಗಾಳಿ ಎರಡು ಡಿಗ್ರಿ ಬಿಸಿಯಾಗಿದ್ದರೆ 60 ಮಿ.ಮೀ., ಹೊರಗಿನ ವಾಯುಭಾರ ಇಳಿದದ್ದಕ್ಕೆ 35 ಮಿ.ಮೀ. ಒಟ್ಟು 95 ಮಿ.ಮೀ. ಸೋರಿಕೆಯನ್ನು ಹವಾಮಾನವೇ ಮುಚ್ಚಿಹಾಕಿರುತ್ತದೆ. 50 ಮಿ.ಮೀ. ಒತ್ತಡದ ಪರೀಕ್ಷೆಯಲ್ಲಿ ಇದು ಎಷ್ಟು ದೊಡ್ಡ ತಪ್ಪು ಎಂದು ಬಿಡಿಸಿ ಹೇಳಬೇಕಿಲ್ಲ. ತೊಟ್ಟಿ ಫೇಲ್ ಆಗಬೇಕಾದ ಕಡೆ ಪಾಸ್ ಆಗಿ, ಆರು ತಿಂಗಳ ಮೇಲೆ ವಾಸನೆ ಬಂದಾಗ ಎಲ್ಲರಿಗೂ ಆಶ್ಚರ್ಯ.

ಆದ್ದರಿಂದ ತೊಟ್ಟಿಯೊಳಗೆ ಎರಡು ಮೂರು ಕಡೆ ಥರ್ಮಾಮೀಟರ್ ಸಂವೇದಕ ಇಳಿಬಿಡಿ, ಹೊರಗಿನ ವಾಯುಭಾರವನ್ನು ಪ್ರತಿ ಗಂಟೆ ಬರೆದುಕೊಳ್ಳಿ. ಪರೀಕ್ಷೆಯನ್ನು ಒಂದು ನಸುಕಿನಿಂದ ಮರು ನಸುಕಿನವರೆಗೆ, 24 ಗಂಟೆ ನಡೆಸಿ. ಶುರು ಮತ್ತು ಮುಗಿತಾಯ ದಿನದ ಒಂದೇ ಹೊತ್ತಿಗೆ ಬಿದ್ದರೆ ಅರ್ಧ ದೋಷ ತಾನಾಗಿ ಕಳೆಯುತ್ತದೆ, ಉಳಿದದ್ದನ್ನು ಲೆಕ್ಕದಿಂದ ಕಳೆಯಬಹುದು. ಒತ್ತಡ ತೀರ ಕಡಿಮೆ ಇಡಬೇಕಾದ ಕಡೆ, ಅದು ಎಷ್ಟು ಇಳಿಯಿತು ಎಂದು ಕಾಯುವುದಕ್ಕಿಂತ, 50 ಮಿ.ಮೀ. ಅನ್ನು ಸ್ಥಿರವಾಗಿ ಕಾಯ್ದುಕೊಳ್ಳಲು ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ಬೇಕಾಯಿತು ಎಂದು ರೋಟಾಮೀಟರಿನಲ್ಲಿ ಅಳೆಯುವುದೇ ಮೇಲು. ಆ ಲೀಟರೇ ಸೋರಿಕೆ.

ಒತ್ತಡ ಇರುವಾಗಲೇ ಸೋಪಿನ ನೀರಿನ ಕೆಲಸ. ಪಾತ್ರೆ ತೊಳೆಯುವ ದ್ರವವನ್ನು ನೊರೆ ಬಾರದಂತೆ ಮೆಲ್ಲನೆ ಕಲಸಿ, ಮೆತ್ತನೆಯ ಬ್ರಷ್‌ನಿಂದ ಪೈಪು ಗೋಡೆ ಸೇರುವ ಉಂಗುರಕ್ಕೆ ಬಳಿಯಿರಿ. ದೊಡ್ಡ ತೂತು ಗುಳ್ಳೆ ಕಟ್ಟುವುದಿಲ್ಲ, ನೀರನ್ನು ಊದಿ ಹಾರಿಸಿಬಿಡುತ್ತದೆ. ಬರಿಗಣ್ಣಿಗೆ ಕಾಣದ ಬಿರುಕಿನ ಮೇಲೆ ಅರ್ಧ ನಿಮಿಷದವರೆಗೆ ಏನೂ ಇರುವುದಿಲ್ಲ. ಆಮೇಲೆ ಹಾಲಿನ ಕೆನೆಯಂತೆ ಸಣ್ಣ ಬಿಳಿ ನೊರೆ ಗೆರೆಯಾಗಿ ಏಳುತ್ತದೆ. ಬಳಿದು ಕೂಡಲೇ ಮುಂದೆ ಹೋದವರಿಗೆ ಈ ಗೆರೆ ಸಿಗುವುದಿಲ್ಲ. ಕಂಡ ಕಂಡ ಕಡೆ ಬಳಪದಿಂದ ನಂಬರ್ ಬರೆದು ಫೋಟೊ ತೆಗೆಯಿರಿ. ಪೈಪಿನ ಉಂಗುರ, ಮ್ಯಾನ್‌ಹೋಲ್ ಚೌಕಟ್ಟು, ಕೇಬಲ್ ಕೊಳವೆ, ಸ್ಲ್ಯಾಬು ಗೋಡೆ ಸೇರುವ ಜಾಯಿಂಟು, ಈ ನಾಲ್ಕನ್ನು ಮೊದಲು ನೋಡಿ. ಗೋಡೆಯ ನಡುಭಾಗ ಆಮೇಲೆ ಸಾಕು.

ಸೀಲೆಂಟಿನ ಮಾತು

ಜಾಯಿಂಟಿನಲ್ಲಿ ಸೀಲೆಂಟು ಎರಡು ಬದಿಗಷ್ಟೇ ಅಂಟಬೇಕು, ತಳಕ್ಕೂ ಅಂಟಿದರೆ ಕಾಂಕ್ರೀಟು ಹಿಗ್ಗಿ ಕುಗ್ಗುವಾಗ ಹರಿಯುತ್ತದೆ. ತಳದಲ್ಲಿ ಫೋಮಿನ ಬ್ಯಾಕರ್ ರಾಡ್ ಇಡುವುದು ಅದಕ್ಕೇ. ಆಳ ಅಗಲದ ಅರ್ಧದಷ್ಟಿರಲಿ. ಕೊಳಚೆಗೆ ಒಡ್ಡಿಕೊಳ್ಳುವ ಕಡೆ ಎರಡು ಡಬ್ಬದ ಪಾಲಿಸಲ್ಫೈಡ್ ಹಳೆಯ, ನಂಬಿಕೆಯ ವಸ್ತು. ಬಾತ್‌ರೂಮಿನ ಸಿಲಿಕೋನ್ ತಂದು ಎಸ್‌ಟಿಪಿಗೆ ಹಾಕಬೇಡಿ. ಒದ್ದೆ ಕಾಂಕ್ರೀಟಿಗೆ ಅದು ಕಚ್ಚಿಕೊಳ್ಳುವುದಿಲ್ಲ, ಅನಿಲವೂ ಅದರೊಳಗಿಂದ ಉಳಿದ ಸೀಲೆಂಟುಗಳಿಗಿಂತ ಸುಲಭವಾಗಿ ಹಾಯುತ್ತದೆ. ಪರೀಕ್ಷೆಗೆ ಒಂದು ಚಾಕು ಸಾಕು: ಗಟ್ಟಿಯಾದ ಸೀಲೆಂಟನ್ನು ಎರಡೂ ಬದಿಗೆ 50 ಮಿ.ಮೀ. ಕೊಯ್ದು, ಬಾಲದಂತೆ ಬಿಡಿಸಿಕೊಂಡು, ಕೈಯಲ್ಲಿ ಹಿಡಿದೆಳೆಯಿರಿ. ಸೀಲೆಂಟು ನಡುವೆ ಹರಿದರೆ ಅಂಟು ಸರಿಯಿದೆ. ಕಾಂಕ್ರೀಟಿನಿಂದ ಸಿಪ್ಪೆಯಂತೆ ಸುಲಿದು ಬಂದರೆ ಇಡೀ ಜಾಯಿಂಟ್ ಮತ್ತೆ ಮಾಡಿಸಬೇಕು.

ಸರ್ವರ್ ರೂಮು: ಫಾಲ್ಸ್ ಸೀಲಿಂಗಿನ ಮೇಲೆ ನೋಡಿ

1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದಾಗ ಯಾರೂ ಊಹಿಸದಷ್ಟು ಸರ್ವರ್ ರೂಮುಗಳು ಇಂದು ಅಲ್ಲಿವೆ, ವೈಟ್‌ಫೀಲ್ಡಿನಲ್ಲೂ ಇವೆ. ಬೆಂಕಿ ಬಿದ್ದರೆ ನೀರು ಚಿಮುಕಿಸುವಂತಿಲ್ಲ, ಹಾಗಾಗಿ ಅನಿಲ ಬಿಡುವ ವ್ಯವಸ್ಥೆ. ಬಿಟ್ಟ ಅನಿಲ ಕನಿಷ್ಠ 10 ನಿಮಿಷ ಕೋಣೆಯಲ್ಲಿ ಸಾಕಷ್ಟು ಸಾಂದ್ರತೆಯಲ್ಲಿ ನಿಲ್ಲಬೇಕು ಎಂದು ಅಂತರರಾಷ್ಟ್ರೀಯ ಮಾನಕಗಳು ಹೇಳುತ್ತವೆ. ಸಿಲಿಂಡರ್ ಖಾಲಿ ಮಾಡಿ ಇದನ್ನು ನೋಡಬೇಕಿಲ್ಲ. ಬಾಗಿಲಿನ ಚೌಕಟ್ಟಿಗೆ ಫ್ಯಾನ್ ಕೂರಿಸಿ, ಕೋಣೆಗೆ ಗಾಳಿ ಊದಿ, ಆಮೇಲೆ ಎಳೆದು, ಎರಡೂ ಕಡೆಯ ಸೋರಿಕೆ ಅಳೆದು, 10 ನಿಮಿಷ ನಿಲ್ಲುವುದೇ ಎಂದು ಲೆಕ್ಕ ಹಾಕುತ್ತಾರೆ. ಇದೇ ಡೋರ್ ಫ್ಯಾನ್ ಟೆಸ್ಟ್.

ಫೇಲ್ ಆಗುವ ಕೋಣೆಗಳಲ್ಲಿ ಮತ್ತೆ ಮತ್ತೆ ಕಾಣುವ ತಪ್ಪೊಂದಿದೆ. ಕಾಂಕ್ರೀಟ್ ಬ್ಲಾಕಿನ ಗೋಡೆಗೆ ಪ್ಲಾಸ್ಟರಿಂಗ್ ಫಾಲ್ಸ್ ಸೀಲಿಂಗಿನ ಮಟ್ಟಕ್ಕೆ ನಿಂತಿರುತ್ತದೆ, ಮೇಲಿನದು ಯಾರಿಗೂ ಕಾಣುವುದಿಲ್ಲವೆಂದು. ಪ್ಲಾಸ್ಟರ್ ಇಲ್ಲದ ಬ್ಲಾಕು ಗಾಳಿಯ ಮಟ್ಟಿಗೆ ಜರಡಿ. ಬ್ಲಾಕಿನ ಕೊನೆಯ ಸಾಲು ಮತ್ತು ಬೀಮಿನ ನಡುವೆ ಬೆರಳು ತೂರುವಷ್ಟು ಸಂದು ಬೇರೆ. ಕೆಳಗೆ, ಎತ್ತರಿಸಿದ ನೆಲದಡಿ, ಕೇಬಲ್ ಹಾದುಹೋದ ತೂತುಗಳು. ಇಂಥ ಕಡೆ ಬಳಸುವ ಎಚ್‌ಎಫ್‌ಸಿ-227 ಅನಿಲ ಗಾಳಿಗಿಂತ ಬಹಳ ಭಾರ, ತಳದ ತೂತಿನಿಂದಲೇ ಮೊದಲು ಜಾರುತ್ತದೆ. ಫ್ಯಾನ್ ಓಡುವಾಗ ಊದುಬತ್ತಿಯ ಹೊಗೆ ಹಿಡಿದು ಸುತ್ತಿದರೆ ಸಂದುಗಳು ಒಂದೊಂದಾಗಿ ಸಿಗುತ್ತವೆ. ಹೊಗೆ ಗ್ರಹಿಸುವ ಅಲಾರಂ ಮತ್ತು ಅನಿಲ ಬಿಡುವ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಬಂದ್ ಮಾಡಿಸಿಯೇ ಹಚ್ಚಬೇಕು, ಎಸ್‌ಟಿಪಿ ಅಥವಾ ಬಯೋಗ್ಯಾಸ್ ಹತ್ತಿರವಂತೂ ಊದುಬತ್ತಿ ಕೂಡದು. ಹೊಸ ಕೇಬಲ್ ಎಳೆದಾಗಲೆಲ್ಲ ಹೊಸ ತೂತು ಬೀಳುವುದರಿಂದ ವರ್ಷಕ್ಕೊಮ್ಮೆ ಕೋಣೆಯನ್ನು ಪರಿಶೀಲಿಸಬೇಕು.

ಬಿಲ್ ಕೊಡುವ ಮೊದಲು

ಪೀಣ್ಯದ ಪ್ಲೇಟಿಂಗ್ ಘಟಕವಿರಲಿ, ವೈಟ್‌ಫೀಲ್ಡಿನ ಅಸೋಸಿಯೇಷನ್ ಇರಲಿ, ಕೆಲಸದ ಆರ್ಡರಿನಲ್ಲಿ "ಲೀಕ್ ಪ್ರೂಫ್ ಆಗಿರಬೇಕು" ಎಂದಷ್ಟೇ ಬರೆದರೆ ಆಮೇಲೆ ವಾದಕ್ಕೆ ಏನೂ ಉಳಿಯುವುದಿಲ್ಲ. ಪರೀಕ್ಷೆಯ ಒತ್ತಡ ಎಷ್ಟು, ಎಷ್ಟು ಗಂಟೆ, ಒಪ್ಪಬಹುದಾದ ಸೋರಿಕೆ ನಿಮಿಷಕ್ಕೆ ಎಷ್ಟು ಲೀಟರ್, ಉಷ್ಣಾಂಶ ಮತ್ತು ವಾಯುಭಾರದ ತಿದ್ದುಪಡಿ ಯಾರು ಮಾಡುತ್ತಾರೆ, ಇಷ್ಟನ್ನೂ ಮೊದಲೇ ಅಂಕಿಯಲ್ಲಿ ಬರೆಸಿ. ಲೇಪ ಹಾಕಿದವರೇ ಪರೀಕ್ಷೆಯನ್ನೂ ಮಾಡಿ ತಾವೇ ಪಾಸ್ ಎಂದು ಬರೆದುಕೊಳ್ಳುವುದು ಬೇಡ, ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿನವರೋ ಬೇರೊಬ್ಬ ಎಂಜಿನಿಯರೋ ಇರಲಿ. ಬಳಪದ ನಂಬರು ಹಾಕಿದ ಪ್ರತಿ ಜಾಗದ ದುರಸ್ತಿಗೆ ಮೊದಲಿನ, ಆಮೇಲಿನ ಫೋಟೊ ಫೈಲಿಗೆ ಸೇರಲಿ.

ಬಿಲ್ಲಿನ ಒಂದು ಪಾಲನ್ನು ಮೊದಲ ಬೇಸಿಗೆ ಮುಗಿಯುವವರೆಗೆ ತಡೆಹಿಡಿಯುವ ಷರತ್ತೂ ಅದರಲ್ಲಿರಲಿ. ಕಟ್ಟಿದ ವರ್ಷ ಕಾಂಕ್ರೀಟಿನೊಳಗೆ ನೀರು ಉಳಿದಿರುತ್ತದೆ. ಅದು ಒಣಗಿ, ಕುಗ್ಗಿ, ಜಾಯಿಂಟುಗಳು ಒಂದಿಷ್ಟು ಬಾಯ್ಬಿಡುವುದು ಮೊದಲ ಏಪ್ರಿಲ್-ಮೇ ತಿಂಗಳಲ್ಲಿ. ತೊಟ್ಟಿಯಲ್ಲಿ ಆಗ ಕೊಳಚೆ ಇರುವುದರಿಂದ ಗಾಳಿ ತುಂಬುವುದಾಗಲಿ ಒಳಗಿಳಿಯುವುದಾಗಲಿ ಬೇಡ. ಹೊರಗಿನಿಂದ ಹೈಡ್ರೋಜನ್ ಸಲ್ಫೈಡ್ ಮತ್ತು ಮೀಥೇನ್ ಮೀಟರ್ ಹಿಡಿದು ಪೈಪಿನ ಉಂಗುರ, ಮ್ಯಾನ್‌ಹೋಲ್ ಚೌಕಟ್ಟು, ಕೇಬಲ್ ಕೊಳವೆ, ಸ್ಲ್ಯಾಬಿನ ಜಾಯಿಂಟುಗಳ ಸುತ್ತ ಒಂದು ಸುತ್ತು ಬಂದರೆ ಸಾಕು. ಮೀಟರ್ ಸೊನ್ನೆ ತೋರಿಸಿದ ಮೇಲೆ ಉಳಿದ ಚೆಕ್ಕಿಗೆ ಸಹಿ ಹಾಕಿ.